ನೆಲದಿಂದ ಬರುವ ಚಳಿ: ಜನವರಿಯಲ್ಲಿ ಮಣಿಪುರದ ಶಿಬಿರಗಳಲ್ಲಿ

2023ರ ಮೇ 3ರಂದು ಮಣಿಪುರದಲ್ಲಿ ಹಿಂಸೆ ಶುರುವಾಯಿತು. ಮೈತೇಯಿ ಮತ್ತು ಕುಕಿ-ಝೋ ಸಮುದಾಯಗಳ ನಡುವಿನ ಆ ಘರ್ಷಣೆಯಲ್ಲಿ 250ಕ್ಕೂ ಹೆಚ್ಚು ಜನ ಸತ್ತರು, ಸುಮಾರು 60 ಸಾವಿರ ಜನ ಮನೆ ಬಿಟ್ಟು ಓಡಬೇಕಾಯಿತು. ಮೊದಮೊದಲು ದಿನಾ ಟಿವಿಯಲ್ಲಿ ಅದೇ ಸುದ್ದಿ. ಆಮೇಲೆ ಸುದ್ದಿ ಕಡಿಮೆಯಾಯಿತು, ಶಿಬಿರದ ಜನ ಮಾತ್ರ ಶಿಬಿರದಲ್ಲೇ ಉಳಿದರು. 2025ರ ಜನವರಿಯಲ್ಲಿ ನಾವು ನಾಲ್ವರು ಗೆಳೆಯರು ಹೋಗಿದ್ದು ಅವರ ಎರಡನೇ ಚಳಿಗಾಲಕ್ಕೆ ಹಾಸಿಗೆ, ಬೆಚ್ಚಗಿನ ಬಟ್ಟೆ ತಲುಪಿಸಲು. ಮೈತೇಯಿಗಳಿರುವ ಕಣಿವೆಯ ಕಡೆಗೂ ಹೋಗಬೇಕು, ಕುಕಿ-ಝೋಗಳಿರುವ ಬೆಟ್ಟದ ಕಡೆಗೂ ಹೋಗಬೇಕು ಅಂತ ಹೊರಡುವ ಮುಂಚೆಯೇ ತೀರ್ಮಾನ ಮಾಡಿದ್ದೆವು. ಒಂದು ಕಡೆ ಮಾತ್ರ ಕೊಟ್ಟು ಬರುವುದು ನಮಗೆ ಯಾರಿಗೂ ಸರಿ ಕಾಣಲಿಲ್ಲ.

ಮೊದಲ ದಿನ: ಇಂಫಾಲ್

ಮಂಜಿನಿಂದ ವಿಮಾನ ತಡವಾಯಿತು. ಜನವರಿಯ ಬೆಳಗ್ಗೆ ಇಂಫಾಲ್ ಕಣಿವೆಯಲ್ಲಿ ಮಂಜು ಬೇಗ ಕರಗುವುದಿಲ್ಲ, ಹಾಗಾಗಿ ಹೋಗುವವರು ಮಧ್ಯಾಹ್ನದ ವಿಮಾನ ಹಿಡಿಯುವುದು ವಾಸಿ. ಹೊರ ರಾಜ್ಯದವರಿಗೆ 2020ರಿಂದ ಇಲ್ಲಿಗೆ ಬರಲು ಇನ್ನರ್ ಲೈನ್ ಪರ್ಮಿಟ್ ಬೇಕು. ವಿಮಾನ ನಿಲ್ದಾಣದ ಕೌಂಟರ್‌ನಲ್ಲೇ ಕೊಡುತ್ತಾರೆ. ಅದರದ್ದೂ ಆಧಾರ್‌ದೂ ಒಂದಷ್ಟು ಜೆರಾಕ್ಸ್ ಮಾಡಿಸಿ ಕೈಯಲ್ಲೇ ಇಟ್ಟುಕೊಳ್ಳಿ, ಮುಂದೆ ದಾರಿಯುದ್ದಕ್ಕೂ ಕೇಳುತ್ತಾರೆ.

ಐದು ಗಂಟೆಗೆ ಮುಂಚೆಯೇ ಸೂರ್ಯ ಮುಳುಗಿದ. ದೇಶದ ಪೂರ್ವ ತುದಿ ಅಲ್ವಾ, ಗಡಿಯಾರ ಮಾತ್ರ ನಮ್ಮದೇ. ಕತ್ತಲಾಗುತ್ತಿದ್ದ ಹಾಗೇ ಚಳಿ ಏರಿತು. ಹಿಮ ಬೀಳುವ ಊರಲ್ಲ ಇದು, ಆದರೆ ರಾತ್ರಿ 4-5 ಡಿಗ್ರಿಗೆ ಇಳಿಯುತ್ತದೆ. ಗಟ್ಟಿ ಗೋಡೆ, ಮಂಚ, ರಜಾಯಿ ಇದ್ದವರಿಗೆ ಅದು ದೊಡ್ಡ ವಿಷಯವಲ್ಲ.

ಸಂಜೆಯೇ ಒಂದು ಶಿಬಿರದ ಉಸ್ತುವಾರಿ ನೋಡುವ ಇಮಾ ಅವರನ್ನು ಕಂಡೆವು. ಮಣಿಪುರಿಯಲ್ಲಿ ಇಮಾ ಅಂದರೆ ಅಮ್ಮ, ಎಲ್ಲರೂ ಅವರನ್ನು ಹಾಗೇ ಕರೆಯುತ್ತಾರೆ. ಅವರೂ ನಿರಾಶ್ರಿತರೇ. ಮ್ಯಾನ್ಮಾರ್ ಗಡಿಯ ಮೊರೆ ಅನ್ನುವ ಊರಲ್ಲಿ ಅಂಗಡಿ ಇಟ್ಟಿದ್ದವರು. ತಿಂಗಳ ಹಿಂದೆ ಫೋನಿನಲ್ಲಿ ಮಾತಾಡಿದಾಗಲೇ ಸ್ಪಷ್ಟವಾಗಿ ಹೇಳಿದ್ದರು: "ಕಂಬಳಿ ತರಬೇಡಿ. ಕಂಬಳಿ ಎಲ್ಲರೂ ಕೊಡುತ್ತಾರೆ. ಕೆಳಗೆ ಹಾಸೋಕೆ ಏನಾದರೂ ತನ್ನಿ."

ಯಾಕೆ ಅಂತ ಅವತ್ತು ಅವರ ಜೊತೆ ಒಳಗೆ ಹೋಗಿ ನೆಲದ ಮೇಲೆ ಕೂತಾಗ ಗೊತ್ತಾಯಿತು. ಅದು ಒಂದು ವಿದ್ಯಾಸಂಸ್ಥೆಯ ಕಟ್ಟಡ. ಸಿಮೆಂಟ್ ನೆಲ, ಎತ್ತರದ ಚಾವಣಿ, ದೊಡ್ಡ ಕಿಟಕಿಗಳು. ಹಗಲು ಪಾಠ ಮಾಡಲು ಕಟ್ಟಿದ್ದು, ರಾತ್ರಿ ಮಲಗಲು ಅಲ್ಲ. ಹತ್ತು ನಿಮಿಷ ಕೂತರೆ ಸೊಂಟದವರೆಗೂ ತಣ್ಣಗಾಗುತ್ತಿತ್ತು. ಮೇಲೆ ಎಷ್ಟು ಕಂಬಳಿ ಹೊದ್ದರೂ ಮೈಯ ಶಾಖವನ್ನು ನೆಲ ಎಳೆದುಕೊಳ್ಳುತ್ತಲೇ ಇರುತ್ತದೆ. ಕಂಬಳಿಯನ್ನೇ ಕೆಳಗೆ ಹಾಸಿದರೆ ಮೈಭಾರಕ್ಕೆ ಅದು ಚಪ್ಪಟೆಯಾಗಿ, ಒಳಗಿನ ಗಾಳಿ ಹೋಗಿ ಪ್ರಯೋಜನಕ್ಕೆ ಬರುವುದಿಲ್ಲ. ಗಾಳಿ ಹಿಡಿದಿಡುವ, ತುಳಿದರೂ ಕುಗ್ಗದ ಒಂದು ಪದರ ಬೇಕು. ಮೊರೆ ತಗ್ಗಿನಲ್ಲಿರುವ ಊರು, ಇಲ್ಲಿಗಿಂತ ಬೆಚ್ಚಗೆ. ಅಲ್ಲಿಂದ ಬಂದವರಿಗೆ ಈ ಚಳಿ ಅಭ್ಯಾಸವೇ ಇಲ್ಲ ಅಂತ ಇಮಾ ಹೇಳಿದರು.

ಹಾಲು ಹಾಕದ ಕೆಂಪು ಚಹಾ ಕೊಟ್ಟರು. ಲೋಟದ ಬಿಸಿ ಕೈಗೆ ತಾಗಲಿ ಅಂತ ಪಕ್ಕದ ಅಜ್ಜಿ ಕುಡಿಯದೆ ಹಾಗೇ ಬಹಳ ಹೊತ್ತು ಹಿಡಿದುಕೊಂಡು ಕೂತಿದ್ದರು.

ಎರಡನೇ ದಿನ: ಥೌಬಾಲ್ ಕಡೆ, ಚಾಪೆಗೆ

ಕೆಳಗೆ ಹಾಸಲು ಏನು ಅನ್ನುವುದಕ್ಕೆ ಉತ್ತರ ಮಣಿಪುರದಲ್ಲೇ ಇತ್ತು. ಕೌನಾ ಅಂತ ಒಂದು ಜೊಂಡು, ಇಲ್ಲಿನ ಜೌಗು ನೆಲದಲ್ಲಿ ಬೆಳೆಯುತ್ತದೆ. ಕಾಂಡ ಬೆರಳುದಪ್ಪ, ಒಳಗೆಲ್ಲ ಸ್ಪಂಜಿನ ಹಾಗೆ ಗಾಳಿ. ಅದನ್ನು ಕೊಯ್ದು ಬಿಸಿಲಿಗೆ ಒಣಗಿಸಿ ದಾರ ಹಾಕಿ ಹೆಣೆದರೆ ದಪ್ಪನೆಯ ಚಾಪೆ ಆಗುತ್ತದೆ, ಇಲ್ಲಿ ಅದಕ್ಕೆ ಫಕ್ ಅನ್ನುತ್ತಾರೆ. ನಮ್ಮ ಕಡೆಯ ಈಚಲು ಚಾಪೆಯನ್ನು ಏಳೆಂಟು ಪದರ ಒಟ್ಟಿಗೆ ಹಾಸಿದಷ್ಟು ದಪ್ಪ, ಆದರೆ ಒಂದೇ ಕೈಯಲ್ಲಿ ಎತ್ತಬಹುದು. ಹೆಣೆಯುವವರಲ್ಲಿ ಹೆಂಗಸರೇ ಜಾಸ್ತಿ. ದೂರದಿಂದ ಫೋಮ್ ತರಿಸಿ ಲಾರಿ ಬಾಡಿಗೆ ಕಟ್ಟುವುದಕ್ಕಿಂತ ಇಲ್ಲೇ ಕೊಂಡರೆ ದುಡ್ಡು ಇಲ್ಲಿನ ಮನೆಗಳಿಗೇ ಹೋಗುತ್ತದೆ ಅಂತ ಇಮಾ ಹೇಳಿ, ಡಿಸೆಂಬರ್‌ನಲ್ಲೇ ನಮ್ಮ ಪರವಾಗಿ ಮುಂಗಡ ಕೊಟ್ಟಿದ್ದರು. ಮೊದಲೇ ಹೇಳದಿದ್ದರೆ ಇಷ್ಟು ಚಾಪೆ ಒಟ್ಟಿಗೆ ಸಿಗುವುದಿಲ್ಲ. ಒಂದೊಂದನ್ನೂ ಕೈಯಲ್ಲೇ ಹೆಣೆಯಬೇಕು.

ಥೌಬಾಲ್ ದಾರಿ ಚೆನ್ನಾಗಿದೆ. ಎರಡೂ ಕಡೆ ಕೊಯ್ಲು ಮುಗಿದ ಗದ್ದೆ, ಅಲ್ಲಲ್ಲಿ ಹುಲ್ಲಿನ ಬಣವೆ. ಅಂಗಳದಲ್ಲಿ ಚಾಪೆ ಸುತ್ತಿ ನಿಲ್ಲಿಸಿದ್ದ ಮನೆಯಲ್ಲಿ ಊಟ ಹಾಕಿದರು: ಅನ್ನ, ಬೇಯಿಸಿದ ತರಕಾರಿ, ಎರೊಂಬಾ. ಎರೊಂಬಾ ಅಂದರೆ ಆಲೂಗಡ್ಡೆ, ಸೊಪ್ಪು ಬೇಯಿಸಿ ಹುಳಿಬಂದ ಮೀನು, ಮೆಣಸಿನಕಾಯಿ ಹಾಕಿ ಹಿಸುಕಿದ್ದು. ಮೀನಿನ ವಾಸನೆ ಮೊದಲ ತುತ್ತಿಗೆ ಜೋರು, ಮೂರನೇ ತುತ್ತಿಗೆ ಅದೇ ಬೇಕೆನಿಸುತ್ತದೆ. ಖಾರ ಕಡಿಮೆ ತಿನ್ನುವವರು ಊಮೊರೊಕ್ ಹಾಕಿದ್ದಾರಾ ಅಂತ ಮೊದಲೇ ಕೇಳಿ. ಅಲ್ಲಿನ ಭಾರಿ ಖಾರದ ಮೆಣಸಿನಕಾಯಿ ಅದು.

ಸರ್ಕಾರ ನಿರಾಶ್ರಿತರಿಗಾಗಿ ಕಟ್ಟಿಸಿದ ರೆಡಿಮೇಡ್ ಮನೆಗಳ ಕಾಲೊನಿಗಳಲ್ಲಿ ಒಂದು ಇದೇ ಜಿಲ್ಲೆಯ ಯಾಯ್ಥಿಬಿ ಲೌಕೋಲ್‌ನಲ್ಲಿದೆ. ಇಂಥವು ಇಂಫಾಲ್ ಪೂರ್ವದ ಸಜಿವಾದಲ್ಲೂ ಬಿಷ್ಣುಪುರದ ಕ್ವಾಕ್ತಾದಲ್ಲೂ ಇವೆ. ಅಂಥ ಕಾಲೊನಿಗೆ ಹೋದ ಒಬ್ಬರು ಈ ಊರಿನ ನೆಂಟರ ಮನೆಗೆ ಬಂದಿದ್ದರು. ಕೋಣೆ ಸಣ್ಣದು, ಆದರೆ ಬಾಗಿಲಿಗೆ ಚಿಲಕ ಇದೆ ಅಂದರು. ಹಾಲ್‌ನಲ್ಲಿ ನೂರಾರು ಜನರ ಮಧ್ಯೆ ವರ್ಷಗಟ್ಟಲೆ ಮಲಗಿದ ಹೆಂಗಸಿಗೆ ಚಿಲಕ ಏನು ಅನ್ನುವುದನ್ನು ನಾವು ಊಹಿಸಬೇಕು.

ಮಧ್ಯಾಹ್ನ ಚಾಪೆ ಹಂಚಿದೆವು. ಹಂಚಿದೆವು ಅನ್ನುವುದಕ್ಕಿಂತ ಶಿಬಿರದ ಹೆಂಗಸರೇ ಹಂಚಿದರು, ನಾವು ಲಾರಿಯಿಂದ ಇಳಿಸಿಕೊಟ್ಟೆವು. ಮನೆಗೊಂದು ಚೀಟಿ, ಚೀಟಿ ಮನೆಯ ಹೆಂಗಸಿನ ಹೆಸರಿಗೆ, ಮುದುಕರು ಮತ್ತು ಬಾಣಂತಿಯರಿರುವ ಮನೆ ಮೊದಲು. ಗಲಾಟೆ ಆಗಲಿಲ್ಲ. ಫೋಟೋ ತೆಗೆಯಲಿಲ್ಲ. ಕೈಚಾಚಿದ ಹೊತ್ತಿನ ಫೋಟೋ ಯಾರಿಗೆ ಬೇಕು ಹೇಳಿ?

ಹಾಲ್‌ನಲ್ಲಿ ಮನೆಮನೆಗೆ ನಡುವೆ ಪರದೆಗಳು. ಹತ್ತಿರ ಹೋಗಿ ನೋಡಿದರೆ ಹಲವು ಸೀರೆಗಳು, ಎಲ್ಲಿಂದಲೋ ಯಾರೋ ಕಳಿಸಿದ್ದು. ಇಲ್ಲಿ ಹೆಂಗಸರು ಉಡುವುದು ಸೊಂಟಕ್ಕೆ ಸುತ್ತುವ ಫನೆಕ್. ಹಳೆ ಬಟ್ಟೆಯ ಮೂಟೆಗಳು ಒಂದು ಮೂಲೆಯಲ್ಲಿ ಇನ್ನೂ ಬಿಚ್ಚದೆ ಬಿದ್ದಿದ್ದವು. ವಿಂಗಡಿಸಲು ಜನ ಬೇಕು, ಇಡಲು ಜಾಗ ಬೇಕು, ಕೊನೆಗೆ ತೊಡಲು ಆಗುವುದು ಕಡಿಮೆ. ಕಳಿಸುವವರ ಮನಸ್ಸು ಒಳ್ಳೆಯದೇ. ಆದರೆ ಕಳಿಸುವ ಮುಂಚೆ ಒಂದು ಫೋನ್ ಮಾಡಿ, ದಯವಿಟ್ಟು. ಶಿಬಿರದವರು ಕೇಳಿದ ಪಟ್ಟಿಯಲ್ಲಿ ಇದ್ದದ್ದು ಕಾಲುಚೀಲ, ಒಳಉಡುಪು, ಸ್ಯಾನಿಟರಿ ಪ್ಯಾಡ್, ಮಕ್ಕಳ ಟೋಪಿ. ಇವೆಲ್ಲ ಹೊಸದೇ ಆಗಬೇಕು, ಅಳತೆ ಸರಿಯಿರಬೇಕು.

ಹೊರಡುವಾಗ ಕೆಲವು ಹೆಂಗಸರು ಕ್ರೋಶಾದ ಗೊಂಬೆ ಹೆಣೆಯುತ್ತ ಕೂತಿದ್ದರು. ಅವರ ಈಗಿನ ಸಂಪಾದನೆ ಅದು. ಕೊಂಡೆವು.

ಮೂರನೇ ದಿನ: ಮೊಯಿರಾಂಗ್

ಇಂಫಾಲ್‌ನಿಂದ ದಕ್ಷಿಣಕ್ಕೆ ಹೋಗುವ ರಸ್ತೆಗೆ ಟಿಡ್ಡಿಮ್ ರೋಡ್ ಅಂತ ಹೆಸರು. ಬಿಷ್ಣುಪುರ, ಮೊಯಿರಾಂಗ್ ದಾಟಿ ಚುರಾಚಾಂದ್‌ಪುರಕ್ಕೆ ಒಟ್ಟು 60 ಕಿಲೋಮೀಟರ್ ಚಿಲ್ಲರೆ. ಮೊದಲು ಎರಡು ಗಂಟೆಯ ದಾರಿ. ಈಗ ಮಧ್ಯದಲ್ಲಿ ಕೇಂದ್ರ ಪಡೆಗಳು ಕಾಯುವ ಬಫರ್ ಝೋನ್ ಇದೆ. ಮೈತೇಯಿಗಳು ಅದರಾಚೆ ಹೋಗುವಂತಿಲ್ಲ, ಕುಕಿಗಳು ಈಚೆ ಬರುವಂತಿಲ್ಲ. ಹಾಗಾಗಿ ನಮಗೆ ಸಿಕ್ಕ ಡ್ರೈವರ್ ಪಂಗಾಲ್, ಅಂದರೆ ಮಣಿಪುರಿ ಮುಸ್ಲಿಂ. ಎರಡೂ ಕಡೆ ಗಾಡಿ ಓಡಿಸುವವರಲ್ಲಿ ಅವರು ಬಹಳ ಜನ.

ಬಿಷ್ಣುಪುರ ದಾಟುವ ಮುಂಚೆ ಟೈರ್ ಪಂಕ್ಚರ್ ಆಯಿತು. ಸ್ಟೆಪ್ನಿಯಲ್ಲೂ ಗಾಳಿ ಕಡಿಮೆ. ಡ್ರೈವರ್ ಭೈಯಾ ಯಾರದೋ ಬೈಕ್ ಹತ್ತಿ ಗಾಳಿ ತುಂಬಿಸಿಕೊಂಡು ಬರುವವರೆಗೆ ನಾವು ರಸ್ತೆ ಬದಿಯ ಒಂದು ಹೋಟೆಲಿನಲ್ಲಿ ಕೂತು ಬಿಸಿ ಬೋರಾ, ಅಂದರೆ ಅಲ್ಲಿನ ಬಜ್ಜಿ, ತಿಂದೆವು. ಅಲ್ಲಿನ ಅಕ್ಕ ನಾವು ಯಾಕೆ ಬಂದಿದ್ದು ಅಂತ ಕೇಳಿದರು. ಹೇಳಿದ ಮೇಲೆ ಎರಡನೇ ಸಲದ ಬೋರಾಕ್ಕೆ ದುಡ್ಡು ತಗೊಳ್ಳಲಿಲ್ಲ. "ನಿಮ್ಮ ಊರಲ್ಲಿ ನಮ್ಮ ಸುದ್ದಿ ಇನ್ನೂ ಬರುತ್ತಾ?" ಅಂದರು. ಬರುತ್ತೆ ಅನ್ನಲು ಆಗಲಿಲ್ಲ.

ಗಾಡಿ ಮತ್ತೆ ಹೊರಟ ಮೇಲೆ ಭೈಯಾ ಬಹಳ ಮಾತಾಡಿದ. "ನನ್ನ ಗಾಡಿ ಎರಡೂ ಕಡೆ ಹೋಗುತ್ತೆ ದೀದಿ, ನನ್ನ ಗೆಳೆಯರು ಹೋಗೋಕಾಗಲ್ಲ. ಈ ಕಡೆಯವರೂ ಕೇಳ್ತಾರೆ, ಆ ಕಡೆಯವರೂ ಕೇಳ್ತಾರೆ, ನಮ್ಮ ಬೀದಿ ಕಡೆ ಹೋದ್ರೆ ಮನೆ ಹೇಗಿದೆ ನೋಡಿ ಹೇಳು ಅಂತ. ಸುಟ್ಟು ಹೋಗಿದ್ದರೂ ಹೇಳು ಅಂತಾರೆ. ನಾನು ಸುಮ್ನೆ, ಆ ಕಡೆ ಹೋಗಲಿಲ್ಲ ಅಂದುಬಿಡ್ತೀನಿ."

ಎಡಕ್ಕೆ ಲೋಕ್ತಕ್ ಸರೋವರ ಕಂಡಿತು. ನೀರಿನ ಮೇಲೆ ತೇಲುವ ಹುಲ್ಲಿನ ಗಡ್ಡೆಗಳು, ಫುಮ್ಡಿ ಅಂತಾರೆ, ಮಂಜಿನಲ್ಲಿ ಅರ್ಧ ಮುಳುಗಿದ್ದವು. ಮೊಯಿರಾಂಗ್ ಅಂದರೆ ನೇತಾಜಿಯ ಐಎನ್‌ಎ 1944ರ ಏಪ್ರಿಲ್ 14ರಂದು ಬಾವುಟ ಹಾರಿಸಿದ ಊರು, ಅದರ ಮ್ಯೂಸಿಯಂ ಇದೆ. ಹೊರಗಿನಿಂದ ನೋಡಿ ಮುಂದೆ ಹೋದೆವು. ಕತ್ತಲಾಗುವುದರೊಳಗೆ ಹಂಚಿ ಮುಗಿಸಬೇಕಿತ್ತು. ಶಿಬಿರಗಳಲ್ಲಿ ಕೆಲಸ ಏನಿದ್ದರೂ ಬೆಳಗ್ಗೆಯೇ ಇಟ್ಟುಕೊಳ್ಳಿ, ಮೂರು ಗಂಟೆಯ ಮೇಲೆ ಹೊತ್ತು ಓಡುತ್ತದೆ.

ಇಲ್ಲಿನ ಶಿಬಿರದಲ್ಲಿ ತೋರ್ಬುಂಗ್ ಕಡೆಯ ಒಬ್ಬ ಅಜ್ಜ ಚಾಪೆಯನ್ನು ಕೈಯಿಂದ ಒತ್ತಿ ಒತ್ತಿ ನೋಡಿದರು. ಅವರು ಹೇಳಿದ್ದನ್ನು ಒಬ್ಬ ಹುಡುಗ ಹಿಂದಿಗೆ ತಿರುಗಿಸಿ ಹೇಳುತ್ತಿದ್ದ. ಮನೆಯಲ್ಲಿದ್ದಾಗ ಕೊಯ್ಲಾದ ಮೇಲೆ ಹೊಸ ಹುಲ್ಲು ಹಾಸಿ, ಅದರ ಮೇಲೆ ಫಕ್ ಹಾಕಿ ಮಲಗುತ್ತಿದ್ದರಂತೆ. ಈಗ ಗದ್ದೆ ಬೆಟ್ಟದ ಬುಡದಲ್ಲಿದೆ, ಗುಂಡು ಹಾರುತ್ತದೆ ಅಂತ ಯಾರೂ ಉಳುವುದಿಲ್ಲ. ಉಳುಮೆ ಇಲ್ಲ ಅಂದರೆ ಅಕ್ಕಿ ಇಲ್ಲ, ಅಷ್ಟು ನನಗೂ ಗೊತ್ತಿತ್ತು. ಹುಲ್ಲೂ ಇಲ್ಲ ಅನ್ನುವುದು ಹೊಳೆದಿರಲಿಲ್ಲ. ರೈತನಿಗೆ ಚಳಿಗಾಲದ ಹಾಸಿಗೆ ಗದ್ದೆಯಿಂದಲೇ ಬರುತ್ತಿತ್ತು. ಈಗ ಅದನ್ನೂ ಯಾರೋ ತಂದುಕೊಡಬೇಕು.

ನಾಲ್ಕನೇ ದಿನ: ಲಾಮ್ಕಾ

ಕುಕಿ-ಝೋಗಳು ಹೆಚ್ಚಿರುವ ಚುರಾಚಾಂದ್‌ಪುರ ಪಟ್ಟಣಕ್ಕೆ ಅಲ್ಲಿನವರು ಹೇಳುವುದು ಲಾಮ್ಕಾ. ಕ್ವಾಕ್ತಾ ದಾಟಿದ ಮೇಲೆ ಮರಳು ಮೂಟೆ, ಮುಳ್ಳುತಂತಿ, ಚೆಕ್‌ಪೋಸ್ಟ್‌ಗಳು ಒಂದಾದ ಮೇಲೊಂದು. ಪ್ರತಿ ಕಡೆ ಇಳಿಯಬೇಕು, ರಿಜಿಸ್ಟರ್‌ನಲ್ಲಿ ಬರೆಯಬೇಕು, ಯಾರನ್ನು ನೋಡಲು ಅಂತ ಹೇಳಬೇಕು. ಎಲ್ಲಿಯೂ ಅವಸರ ಮಾಡಬೇಡಿ, ಕ್ಯಾಮೆರಾ ಹೊರಗೆ ತೆಗೆಯಬೇಡಿ. ಆ ಒಂದು ಹರದಾರಿ ದಾರಿಯಲ್ಲಿ ಚಾವಣಿ ಇಲ್ಲದ ಮನೆಗಳು, ಗೋಡೆಯ ಮೇಲೆ ಹೊಗೆಯ ಗುರುತು, ಅಂಗಳದಲ್ಲಿ ಆಳೆತ್ತರ ಗಿಡ. ಗಾಡಿಯಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಬೋರ್ಡುಗಳ ಭಾಷೆ ಬದಲಾಯಿತು, ಚರ್ಚುಗಳು ಬಂದವು. ಕ್ರಿಸ್‌ಮಸ್‌ಗೆ ಕಟ್ಟಿದ ನಕ್ಷತ್ರಗಳನ್ನು ಕೆಲವು ಮನೆಗಳಲ್ಲಿ ಇನ್ನೂ ಬಿಚ್ಚಿರಲಿಲ್ಲ.

ಇಂಫಾಲ್‌ನಲ್ಲಿ ಕೊಂಡ ಸಾಮಾನನ್ನು ಈ ಕಡೆ ತರುವ ಯೋಚನೆ ಬೇಡ ಅಂತ ಎಲ್ಲರೂ ಹೇಳಿದ್ದರು. ಅದಕ್ಕೆ ಲಾಮ್ಕಾದ ಸಾಮಾನನ್ನು ಮಿಜೋರಾಂನ ಐಜ್ವಾಲ್‌ನಿಂದ ಲಾರಿಯಲ್ಲಿ ತರಿಸುವ ಏರ್ಪಾಡು ಆಗಿತ್ತು. ಫೋಮ್ ಶೀಟ್, ಮಕ್ಕಳ ಸ್ವೆಟರ್, ರಬ್ಬರಿನ ಬಿಸಿನೀರಿನ ಚೀಲ. ನಾವು ತಲುಪಿದಾಗ ಲಾರಿ ಬಂದಿರಲಿಲ್ಲ. ಬೆಟ್ಟದ ದಾರಿಯಲ್ಲಿ ಎಲ್ಲೋ ಆಕ್ಸಲ್ ಮುರಿದು ನಿಂತಿದೆ ಅಂತ ಸಂಜೆ ಸುದ್ದಿ ಬಂತು. ಇಲ್ಲಿನವರಿಗೆ ಇದು ಹೊಸದಲ್ಲ. ಇಂಫಾಲ್ ವಿಮಾನ ನಿಲ್ದಾಣ ಎರಡು ಗಂಟೆ ದೂರದಲ್ಲಿದ್ದರೂ ಅವರಿಗೆ ಅದು ಇಲ್ಲ. ದೊಡ್ಡ ಆಸ್ಪತ್ರೆಗೆ, ಓದಿಗೆ, ವಿಮಾನಕ್ಕೆ ಇದೇ ದಾರಿಯಲ್ಲಿ ಐಜ್ವಾಲ್‌ಗೆ ಹೋಗಬೇಕು, ಒಂದು ಇಡೀ ದಿನ ಅಥವಾ ರಾತ್ರಿ. ಕ್ಯಾನ್ಸರ್ ಇರುವ ಗಂಡನನ್ನು ಕರೆದುಕೊಂಡು ಆ ದಾರಿಯಲ್ಲಿ ಓಡಾಡುತ್ತಿರುವ ಒಬ್ಬರನ್ನು ಶಿಬಿರದಲ್ಲಿ ಭೇಟಿಯಾದೆವು.

ಲಾರಿ ಇಲ್ಲದೆ ಕೆಲಸವಿಲ್ಲ. ಊರು ನೋಡಿದೆವು. ಟುಯಿಬಾಂಗ್‌ನಲ್ಲಿ ಸತ್ತವರ ಫೋಟೋಗಳನ್ನು ಸಾಲಾಗಿ ಹಾಕಿದ ಗೋಡೆ ಇದೆ, ಮುಂದೆ ಶವಪೆಟ್ಟಿಗೆಗಳು. ಕಣಿವೆಯಲ್ಲೂ ಮನೆಗಳ ಗೋಡೆಯ ಮೇಲೆ ಹೂವು ಹಾಕಿದ ಫೋಟೋಗಳನ್ನು ನೋಡಿ ಬಂದಿದ್ದೆವು. ವಯಸ್ಸು ಓದುತ್ತ ಹೋದರೆ ಹತ್ತೊಂಬತ್ತು, ಇಪ್ಪತ್ತನಾಲ್ಕು. ನಾವು ಬೇಗ ವಾಪಸ್ ಬಂದೆವು.

ರಾತ್ರಿ ಶಿಬಿರದ ಪಕ್ಕದ ಕೋಣೆಯಲ್ಲೇ ಉಳಿದೆವು. ಕರೆಂಟ್ ಹೋಗಿ ಬಂದು ಮಾಡುತ್ತಿತ್ತು, ಟಾರ್ಚ್ ಇಲ್ಲದೆ ಬರಬೇಡಿ. ಶಿಬಿರದ ಹಾಲ್‌ನಲ್ಲಿ ಒಂದು ಮನೆಯವರ ಜಾಗವನ್ನು ಹೆಜ್ಜೆಯಲ್ಲಿ ಅಳೆದೆ. ಐದು ಜನರಿಗೆ ಎರಡು ಮಂಚದಷ್ಟು ಜಾಗ. ನೆರವು ಕೆಲಸದವರು ಜಗತ್ತಿನ ಎಲ್ಲ ಕಡೆ ಬಳಸುವ ಸ್ಫಿಯರ್ ಮಾನದಂಡದ ಪ್ರಕಾರ ಒಬ್ಬರಿಗೆ ಕನಿಷ್ಠ 3.5 ಚದರ ಮೀಟರ್ ಬೇಕು. ಅಡುಗೆ, ಸ್ನಾನ ಎಲ್ಲ ಒಳಗೇ ಮಾಡಬೇಕಾದ ಚಳಿ ಪ್ರದೇಶದಲ್ಲಿ 4.5ರಿಂದ 5.5. ಅದೂ ತುರ್ತಿನ ಕಾಲಕ್ಕೆ ಇಟ್ಟ ಲೆಕ್ಕ. ಇವರು ಆಗಲೇ ಇಪ್ಪತ್ತು ತಿಂಗಳಿಂದ ಇದ್ದರು.

ಐದನೇ ದಿನ: ಲಾರಿ ಬಂತು

ಬೆಳಗ್ಗೆ ಒಂಬತ್ತಕ್ಕೆ ಲಾರಿ ಬಂತು. ಡ್ರೈವರ್ ರಾತ್ರಿಯಿಡೀ ದಾರಿಯಲ್ಲೇ ಇದ್ದವನು, ಕೆಸರು ಮೆತ್ತಿದ ಜಾಕೆಟ್. ಚಹಾ ಕುಡಿಯದೆ ಮೊದಲು ಹಗ್ಗ ಬಿಚ್ಚಿದ. ಹುಡುಗರು ಸಾಲಾಗಿ ನಿಂತು ಅರ್ಧ ಗಂಟೆಯಲ್ಲಿ ಇಳಿಸಿಬಿಟ್ಟರು. ಚರ್ಚಿನ ಯುವಕರು ಮಾಡಿದ್ದ ಪಟ್ಟಿ ಬಹಳ ಅಚ್ಚುಕಟ್ಟು, ಯಾವ ಮಗುವಿಗೆ ಯಾವ ಅಳತೆ ಅನ್ನುವುದೂ ಇತ್ತು.

ಅಲ್ಲಿನ ನರ್ಸ್ ಒಬ್ಬರ ಹತ್ತಿರ ತುಂಬಾ ಹೊತ್ತು ಮಾತಾಡಿದೆ. ಚಳಿಗಾಲದಲ್ಲಿ ಅವರಿಗೆ ಎರಡು ಭಯ. ಒಂದು, ಹಸುಗೂಸುಗಳು. ಹುಟ್ಟಿದ ಮಗು ತನ್ನ ಶಾಖ ತಾನೇ ಕಾಯ್ದುಕೊಳ್ಳಲಾರದು, ತಲೆಯಿಂದಲೇ ಬಹಳ ಶಾಖ ಹೋಗುತ್ತದೆ. ಅದಕ್ಕೆ ಅವರು ತಾಯಂದಿರಿಗೆ ಮತ್ತೆ ಮತ್ತೆ ಹೇಳುವುದು, ಮಗುವನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕೆ ಮಲಗಿಸಬೇಡಿ, ಟೋಪಿ ಹಾಕಿ ಎದೆಗೆ ಮೈಗೆ ಮೈ ತಾಗುವಂತೆ ಕಟ್ಟಿಕೊಳ್ಳಿ, ಮೇಲೆ ಹೊದಿಕೆ ಹೊದೆಯಿರಿ. ಎರಡನೇ ಭಯ ಅಗ್ಗಿಷ್ಟಿಕೆ. ಚಳಿ ತಡೆಯದೆ ಇದ್ದಿಲು ಕೆಂಡ ಒಳಗೆ ತಂದು, ಕಿಟಕಿಗೆ ಗೋಣಿ ತುರುಕಿ ಮಲಗುತ್ತಾರೆ. ಕೆಂಡದ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಮಲಗಿದವರು ಏಳುವುದೇ ಇಲ್ಲ. ಬಿಸಿನೀರಿನ ಚೀಲಗಳನ್ನು ಪಟ್ಟಿಗೆ ಸೇರಿಸಿದ್ದೇ ಅವರು. ಸಂಜೆ ಅಡುಗೆ ಒಲೆಯ ಮೇಲೇ ನೀರು ಕಾಯಿಸಿ ತುಂಬಿಕೊಂಡರೆ ಮುದುಕರ ಕಾಲಿಗೆ ಮಧ್ಯರಾತ್ರಿವರೆಗೆ ಸಾಕು, ಕೆಂಡ ಒಳಗೆ ಬರುವುದಿಲ್ಲ. ನೆರವು ಕಳಿಸುವ ಯಾರಾದರೂ ಇದನ್ನು ಓದುತ್ತಿದ್ದರೆ ಆ ಚೀಲವನ್ನು ನೆನಪಿಡಿ. ಬಟ್ಟೆಯ ಕವರ್ ಇರುವುದನ್ನೇ ಕೊಳ್ಳಿ, ಇಲ್ಲದಿದ್ದರೆ ಚರ್ಮ ಸುಡುತ್ತದೆ.

ಫೋಮ್ ಶೀಟ್ ಕೊಡುವಾಗ ಒಬ್ಬ ಹೆಂಗಸು ಅದನ್ನು ಮಡಚಿ, ಬಿಚ್ಚಿ ನೋಡಿ ಹಿಂದಿಯಲ್ಲಿ ಕೇಳಿದರು, "ಇಂಫಾಲ್ ಕಡೆಯಿಂದ ಬಂದಿರಲ್ಲ, ಫಕ್ ಸಿಗಲಿಲ್ವಾ?" ಅವರು ಮೂವತ್ತು ವರ್ಷ ಇಂಫಾಲ್‌ನಲ್ಲೇ ಇದ್ದವರು. ಮನೆಯಲ್ಲಿ ಎಲ್ಲರೂ ಕೌನಾ ಚಾಪೆಯ ಮೇಲೇ ಮಲಗಿ ಬೆಳೆದದ್ದಂತೆ. ವರ್ಷಕ್ಕೊಮ್ಮೆ ಒಬ್ಬ ಮೈತೇಯಿ ಇಮಾ ಚಾಪೆ ಹೊತ್ತು ಬೀದಿಗೆ ಬರುತ್ತಿದ್ದರಂತೆ, ಅವರ ಹತ್ತಿರವೇ ಕೊಳ್ಳುತ್ತಿದ್ದದ್ದು. ಇಲ್ಲಿಗೆ ತರೋಕಾಗಲಿಲ್ಲ ಅಕ್ಕಾ ಅಂದೆ. ತಲೆಯಾಡಿಸಿದರು. ಅವರಿಗೆ ಗೊತ್ತಿಲ್ಲದ ವಿಷಯವೇನಲ್ಲ. ಫೋಮ್ ಶೀಟ್ ಸುತ್ತಿಕೊಂಡು ಒಳಗೆ ಹೋದರು, ಸ್ವಲ್ಪ ಹೊತ್ತಿಗೆ ನಮಗೆಲ್ಲ ಬೇಯಿಸಿದ ಗೆಣಸು ತಂದರು.

ಮಧ್ಯಾಹ್ನ ಅನ್ನ, ಸಾಸಿವೆ ಸೊಪ್ಪು, ಒಣಮೀನು ಹಾಕಿ ಕುಟ್ಟಿದ ಚಟ್ನಿ. ಊಟ ಮಾಡಿ ಎರಡಕ್ಕೆ ಹೊರಟೆವು, ಚೆಕ್‌ಪೋಸ್ಟ್‌ಗಳನ್ನು ಬೆಳಕಿರುವಾಗಲೇ ದಾಟಬೇಕು ಅಂತ ಭೈಯಾ ಅವಸರ ಮಾಡುತ್ತಿದ್ದ.

ಕೊನೆಯ ದಿನ: ಮತ್ತೆ ಇಂಫಾಲ್

ವಿಮಾನಕ್ಕೆ ಮುಂಚೆ ಇಮಾ ಕೈಥೆಲ್‌ಗೆ ಹೋದೆವು, ಹೆಂಗಸರೇ ನಡೆಸುವ ಆ ದೊಡ್ಡ ಮಾರುಕಟ್ಟೆ. ಕಪ್ಪಕ್ಕಿ, ಒಣಮೀನು, ಕೈಮಗ್ಗದ ಬಟ್ಟೆ. ಶಿಬಿರದ ಇಮಾ ಅಲ್ಲಿಗೇ ಬಂದರು. ಹಿಂದಿನ ಮೂರು ರಾತ್ರಿ ಹಾಲ್‌ನಲ್ಲಿ ಮುದುಕರ ಕೆಮ್ಮು ಕಡಿಮೆ ಅನಿಸಿತು ಅಂದರು. ಮೂರು ರಾತ್ರಿಯಲ್ಲಿ ಅಷ್ಟು ತಿಳಿಯುತ್ತದಾ ನನಗೆ ಗೊತ್ತಿಲ್ಲ, ಆದರೆ ಕೇಳಿ ಸಮಾಧಾನವಾಯಿತು.

ಆಮೇಲೆ ಚೀಲದಿಂದ ಮುಂದಿನ ಪಟ್ಟಿ ತೆಗೆದರು. ಚಳಿ ಮುಗಿದ ಕೂಡಲೇ ಇಲ್ಲಿ ಆಲಿಕಲ್ಲು ಮಳೆ. 2024ರ ಮೇ 5ರಂದು ಬಿದ್ದ ಆಲಿಕಲ್ಲಿಗೆ ಕಣಿವೆಯಲ್ಲಿ ಸಾವಿರಾರು ತಗಡಿನ ಚಾವಣಿ ತೂತಾಗಿದ್ದವು. ಹಾಗಾಗಿ ಮುಂದೆ ಬೇಕಾದ್ದು ಟಾರ್ಪಾಲಿನ್. 4×6 ಮೀಟರಿನದ್ದು, ಅಂಚಿಗೆ ಹಗ್ಗ ಹೊಲಿದು ಕೊಂಡಿ ಹಾಕಿದ್ದು, ತೆಳು ನೀಲಿ ಹಾಳೆ ಬೇಡವೇ ಬೇಡ, ಒಂದು ಗಾಳಿಗೆ ಹರಿಯುತ್ತದೆ. ಲಾಮ್ಕಾದ ಯುವಕರೂ ಅದನ್ನೇ ಕೇಳಿದ್ದರು. ಎರಡು ಪಟ್ಟಿಗಳನ್ನೂ ಹಿಡಿದು ಹೊರಟೆವು, ಎರಡಕ್ಕೂ ಬೇರೆ ಬೇರೆ ಲಾರಿ ಹೋಗಬೇಕಿತ್ತು: ಒಂದು ನಾಗಾಲ್ಯಾಂಡಿನ ದಿಮಾಪುರದ ದಾರಿಯಲ್ಲಿ, ಇನ್ನೊಂದು ಐಜ್ವಾಲ್ ಮೇಲೆ. ಮಾರ್ಚ್ ಮುಗಿಯುವುದರೊಳಗೆ ತಲುಪಬೇಕಿತ್ತು. ಐಜ್ವಾಲ್‌ನವರ ಜೊತೆ ಮಾತು ಶುರುವಾಗಿತ್ತು, ದಿಮಾಪುರದ ಕಡೆ ಲಾರಿ ಗೊತ್ತಿರುವವರನ್ನು ಇನ್ನೂ ಹುಡುಕಬೇಕಿತ್ತು.